ಗೇಟಿನ ಹತ್ತಿರದ ಗಾಳಿಯನ್ನ ಅಳೆಯೋರು ಯಾರು?

ಯಾವ ವರ್ಷದ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಬೇಕಾದರೂ ಹೋಗಿ ನೋಡಿ. ಒಂದು ಲೈನ್ ಫಾಲೋವರ್ ರೋಬೋ ಇರುತ್ತೆ, ಒಂದು ಸ್ಮಾರ್ಟ್ ಡಸ್ಟ್‌ಬಿನ್ ಇರುತ್ತೆ, ಗಿಡಕ್ಕೆ ತಾನೇ ನೀರು ಬಿಡೋ ಸಿಸ್ಟಮ್ ಒಂದಿರುತ್ತೆ. ಅದರ ಪಕ್ಕದ ಟೇಬಲ್ ಮೇಲೆ ‘ಐಒಟಿ ಆಧಾರಿತ ಏರ್ ಕ್ವಾಲಿಟಿ ಮಾನಿಟರ್’ ಇದ್ದೇ ಇರುತ್ತೆ. ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಎಂಕ್ಯೂ-135 ಸೆನ್ಸರ್, ಹೊರಗೆ ಎರಡು ಸಾಲಿನ ಎಲ್‌ಸಿಡಿ. ಜಡ್ಜ್ ಬಂದ ತಕ್ಷಣ ಟೀಮ್‌ನವರು ಒಂದು ಊದಿನಕಡ್ಡಿ ಹಚ್ಚಿ ಹತ್ತಿರ ಹಿಡೀತಾರೆ. ಸಂಖ್ಯೆ ಮೇಲಕ್ಕೆ ಹೋಗುತ್ತೆ, ಬಜರ್ ಕೂಗುತ್ತೆ, ಎಲ್ಲರೂ ತಲೆ ಆಡಿಸ್ತಾರೆ. ಮಾರ್ಕ್ಸ್ ಬಂದಮೇಲೆ ಡಬ್ಬಿ ಲ್ಯಾಬಿನ ಬೀರು ಸೇರುತ್ತೆ. ನಮ್ಮ ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಇಂಥವು ನಾಲ್ಕಿವೆ, ಎಣಿಸಿದ್ದೀನಿ.

ಗೇಲಿ ಮಾಡೋಕೆ ಇದನ್ನ ಬರೀತಿಲ್ಲ. ಗಾಳಿ ಅಳೀಬೇಕು ಅಂತ ಪ್ರತಿ ಬ್ಯಾಚ್‌ಗೂ ಅನ್ಸುತ್ತಲ್ಲ, ಅದು ಒಳ್ಳೆ ಬುದ್ಧಿನೇ. ನನ್ನ ತಕರಾರು ಡಬ್ಬಿ ಇರೋ ಜಾಗದ ಬಗ್ಗೆ. ಟೇಬಲ್ ಮೇಲೆ ಕೂತ ಡಬ್ಬಿ ಟೇಬಲ್ ಎಷ್ಟು ಹೊಗೆ ಕುಡೀತು ಅಂತ ಮಾತ್ರ ಹೇಳುತ್ತೆ. ಅದು ಮನುಷ್ಯರ ಜೊತೆ ಓಡಾಡಬೇಕು. ಅದೂ ಮೊದಲು ನಮ್ಮ ಜೊತೆಗಲ್ಲ, ನಮ್ಮ ಕ್ಯಾಂಪಸ್ಸಿನಲ್ಲಿ ದಿನಪೂರ್ತಿ ಹೊಗೆ ಮಧ್ಯೆ ಕೆಲಸ ಮಾಡೋರ ಜೊತೆ. ಇದೇ ನನ್ನ ವಾದ. ಯಾಕೆ ಅಂತ ಹೇಳ್ತೀನಿ.

ಮೊದಲು ನಮ್ಮ ಫೋನಲ್ಲಿ ಕಾಣೋ ಆ ಎಕ್ಯೂಐ ಸಂಖ್ಯೆಯಿಂದ ಶುರು ಮಾಡೋಣ. ಬೆಳಿಗ್ಗೆ ಆ್ಯಪ್ ತೆಗೆದರೆ ‘ಬೆಂಗಳೂರು 84’ ಅಂತ ಒಂದು ಸಂಖ್ಯೆ, ಅದಕ್ಕೊಂದು ಬಣ್ಣ. ಬಹಳಷ್ಟು ಜನ ಅದನ್ನ ‘ಈಗ ನಾನು ಉಸಿರಾಡ್ತಿರೋ ಗಾಳಿ’ ಅಂತ ಓದ್ತಾರೆ. ಅದು ಹಾಗಲ್ಲ. ನಮ್ಮ ದೇಶದ ಎಕ್ಯೂಐ 2015ರ ಏಪ್ರಿಲ್‌ನಲ್ಲಿ ಶುರುವಾಯ್ತು. ಎಂಟು ಮಾಲಿನ್ಯಕಾರಕಗಳನ್ನ ನೋಡಿ, ಯಾವುದರ ಲೆಕ್ಕ ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದನ್ನೇ ಎಕ್ಯೂಐ ಅಂತ ತೋರಿಸುತ್ತೆ. ಪಿಎಂ 2.5ಕ್ಕೆ ಹಿಂದಿನ 24 ಗಂಟೆಗಳ ಸರಾಸರಿ ತಗೊಳ್ಳುತ್ತೆ. ಅಂದರೆ ಬೆಳಿಗ್ಗೆ ಒಂಬತ್ತರ ಟ್ರಾಫಿಕ್ಕಿನ ಹೊಗೆಯೂ ರಾತ್ರಿ ಎರಡು ಗಂಟೆಯ ಖಾಲಿ ರಸ್ತೆಯೂ ಒಂದೇ ಪಾತ್ರೆಯಲ್ಲಿ ಕಲಸಿ ಹೋಗಿರುತ್ತೆ.

ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್ ಇರುತ್ತೆ, ಅದಕ್ಕೆ ಹೋಲಿಸಿ ನೋಡಿ. ದೊಡ್ಡ ಧೂಳನ್ನ ಮೂಗು ಗಂಟಲು ತಡೆಯುತ್ತೆ. ಇದು ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. 2009ರ ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದೇ ಎರಡಕ್ಕೆ ಇಟ್ಟ ಮಿತಿ 15 ಮತ್ತು 5. ನಮ್ಮ ಎಕ್ಯೂಐನಲ್ಲಿ 30 ಮೈಕ್ರೋಗ್ರಾಂ ತನಕ ‘ಗುಡ್’ ಅಂತ ಹಸಿರು ಬಣ್ಣ ಬರುತ್ತೆ. ಅಂದರೆ ಹಸಿರಿನ ಕೊನೆ ಮೆಟ್ಟಿಲು ವಿಶ್ವ ಆರೋಗ್ಯ ಸಂಸ್ಥೆ ಹೇಳೋ ದಿನದ ಮಿತಿಯ ಎರಡರಷ್ಟು. ಹಸಿರು ಕಂಡ ಕೂಡಲೇ ನಿರಾಳ ಆಗೋ ಮುಂಚೆ ಇದು ಗೊತ್ತಿರಲಿ.

ಆ ಸಂಖ್ಯೆ ಬರೋದು ಎಲ್ಲಿಂದ? ಹೆಬ್ಬಾಳ, ಸಿಲ್ಕ್ ಬೋರ್ಡ್, ಪೀಣ್ಯ, ಜಯನಗರ 5ನೇ ಬ್ಲಾಕ್, ಬಾಪೂಜಿನಗರ, ಹೀಗೆ ಊರಿನ ಕೆಲವು ಕಡೆ ಇರೋ ಮಾನಿಟರಿಂಗ್ ಸ್ಟೇಷನ್‌ಗಳಿಂದ. ಒಂದೊಂದಕ್ಕೂ ಲಕ್ಷಗಟ್ಟಲೆ ಖರ್ಚಿದೆ. ಅದರ ಗಾಳಿ ಎಳೆಯೋ ಕೊಳವೆ ನೆಲದಿಂದ ಕೆಲವು ಮೀಟರ್ ಎತ್ತರದಲ್ಲಿರುತ್ತೆ, ಯಾವುದೋ ಒಂದು ಬಸ್ಸಿನ ಸೈಲೆನ್ಸರ್ ಮುಂದೆ ಅಲ್ಲ. ಅದು ಸರಿನೇ. ಒಂದು ಏರಿಯಾದ ಒಟ್ಟು ಗಾಳಿ ಹೇಗಿದೆ ಅಂತ ಹೇಳೋದು ಅದರ ಕೆಲಸ. ನೀವು, ನಾನು, ಗೇಟ್ ಹತ್ತಿರ ಕೂತವರು ಎಷ್ಟು ಹೊಗೆ ಕುಡಿದರು ಅಂತ ಹೇಳೋದು ಅದರ ಕೆಲಸ ಅಲ್ಲ. ನಮ್ಮ ಕ್ಯಾಂಪಸ್ಸಿಗೆ ಹತ್ತಿರದ ಸ್ಟೇಷನ್ನೇ ಐದಾರು ಕಿಲೋಮೀಟರ್ ದೂರ.

ಒಬ್ಬ ಮನುಷ್ಯ ನಿಜವಾಗಿ ಉಸಿರಾಡಿದ ಮಾಲಿನ್ಯವನ್ನ ಇಂಗ್ಲಿಷ್ ಪೇಪರ್‌ಗಳಲ್ಲಿ ‘ಪರ್ಸನಲ್ ಎಕ್ಸ್‌ಪೋಶರ್’ ಅಂತಾರೆ. ಕನ್ನಡದಲ್ಲಿ ಏನನ್ನೋದು ಅಂತ ಕ್ಲಬ್ಬಿನ ಸೀನಿಯರ್‌ನ ಕೇಳಿದೆ, ‘ಒಡ್ಡಿಕೊಳ್ಳೋದು’ ಅನ್ನು ಅಂದರು. ಬಿಸಿಲಿಗೆ ಮೈ ಒಡ್ಡಿದ ಹಾಗೆ ಹೊಗೆಗೆ ಒಡ್ಡಿಕೊಳ್ಳೋದು. ಒಳ್ಳೆ ಪದ. ಆದರೆ ಅದರಲ್ಲಿ ನಾವಾಗೇ ಹೋಗಿ ನಿಂತ ಹಾಗೆ ಒಂದು ಅರ್ಥ ಇದೆ. ಹೊಗೆ ಮಧ್ಯೆ ನಿಂತಿರೋರಲ್ಲಿ ಬಹಳ ಜನ ಬೇಕು ಅಂತ ನಿಂತಿಲ್ಲ, ಕೆಲಸ ಇರೋದೇ ಅಲ್ಲಿ.

ಇದು ಹೊಸ ವಿಷಯ ಏನಲ್ಲ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ಗುಜರಾತಿನ ಹಳ್ಳಿಗಳಿಗೆ ಹೋದರು. ಸೌದೆ ಒಲೆ ಮುಂದೆ ಅಡುಗೆ ಮಾಡೋ ಹೆಂಗಸರ ಮೈಮೇಲೇ ಗಾಳಿ ಎಳೆಯೋ ಸಣ್ಣ ಉಪಕರಣ ಕಟ್ಟಿ ಅಳೆದರು. ಅಡುಗೆ ಮಾಡೋ ಹೊತ್ತಿನಲ್ಲಿ ಅವರು ಉಸಿರಾಡ್ತಿದ್ದ ಗಾಳಿಯಲ್ಲಿ ಒಟ್ಟು ಕಣಗಳ ಪ್ರಮಾಣ ಸರಾಸರಿ ಸುಮಾರು 7 ಮಿಲಿಗ್ರಾಂ ಇತ್ತು. ಮೈಕ್ರೋಗ್ರಾಂ ಅಲ್ಲ, ಮಿಲಿಗ್ರಾಂ. ಅಂದರೆ 7000 ಮೈಕ್ರೋಗ್ರಾಂ. ಆ ಕಾಲದಲ್ಲಿ ವಾಯುಮಾಲಿನ್ಯ ಅಂದರೆ ಫ್ಯಾಕ್ಟರಿ ಚಿಮಣಿ, ದೊಡ್ಡ ಊರಿನ ರಸ್ತೆ ಅಂತಲೇ ಎಲ್ಲರ ಲೆಕ್ಕ. ಹಳ್ಳಿ ಗಾಳಿ ಶುದ್ಧ ಅಂತ ಇವತ್ತಿಗೂ ಹೇಳ್ತೀವಲ್ಲ. ಊರಾಚೆ ಎಷ್ಟು ದೊಡ್ಡ ಸ್ಟೇಷನ್ ಕಟ್ಟಿದ್ದರೂ ಆ ಅಡುಗೆಮನೆಯ ಹೊಗೆ ಅದಕ್ಕೆ ಕಾಣ್ತಿರಲಿಲ್ಲ. ಆಮೇಲೆ ದಶಕಗಟ್ಟಲೆ ಇಂಥ ಅಳತೆಗಳು ಸೇರಿ ಸೇರಿ, ಸೌದೆ ಹೊಗೆ ಅನ್ನೋದು ಆರೋಗ್ಯದ ಪ್ರಶ್ನೆ ಅಂತ ಸರ್ಕಾರಗಳು ಒಪ್ಪೋ ಹಾಗಾಯ್ತು. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡೋ ಉಜ್ವಲ ಯೋಜನೆ ಬಂದಾಗ ಒಲೆ ಹೊಗೆಯಿಂದ ಹೆಂಗಸರಿಗೆ ಬಿಡುಗಡೆ ಅನ್ನೋದೇ ಅದರ ಮುಖ್ಯ ಮಾತಾಗಿತ್ತು.

ಇನ್ನೊಂದು ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಅನ್ನೋ ಊರಿನದು. 1990ರಲ್ಲಿ ಅಲ್ಲಿ 178 ಜನ ಸಿಗರೇಟು ಸೇದದವರ ಮೈಮೇಲೆ ಉಪಕರಣ ಹಾಕಿದರು. ಅವರ ಮನೆ ಒಳಗೂ ಹೊರಗೂ ಒಂದೊಂದು ಇಟ್ಟರು. ಒಳಗಿನ, ಹೊರಗಿನ ಎರಡರ ಮಧ್ಯದಲ್ಲಿ ಎಲ್ಲೋ ಮನುಷ್ಯನ ಲೆಕ್ಕ ಬರಬೇಕಲ್ವಾ? ಬರಲಿಲ್ಲ. ಹಗಲು ಹೊತ್ತಿನಲ್ಲಿ ಮೈಮೇಲಿದ್ದ ಉಪಕರಣದ ಪಿಎಂ 10 ಒಳಗಿನದಕ್ಕಿಂತಲೂ ಹೊರಗಿನದಕ್ಕಿಂತಲೂ ಸುಮಾರು ಒಂದೂವರೆ ಪಟ್ಟು ಇತ್ತು. ಮನುಷ್ಯ ಓಡಾಡ್ತಾನೆ, ಗುಡಿಸ್ತಾನೆ, ಒಗ್ಗರಣೆ ಹಾಕ್ತಾನೆ. ಧೂಳು ಹೊಗೆ ಎಲ್ಲಿ ಏಳುತ್ತೋ ಅಲ್ಲೇ ಅವನಿರ್ತಾನೆ. ನಿಂತಲ್ಲೇ ನಿಂತ ಮಷೀನಿಗೆ ಇದು ಗೊತ್ತಾಗಲ್ಲ.

2010ರಲ್ಲಿ ದೆಹಲಿಯಲ್ಲಿ ಆಟೋ ಒಳಗೇ ಉಪಕರಣ ಇಟ್ಕೊಂಡು ತಿಂಗಳುಗಟ್ಟಲೆ ಓಡಾಡಿ ಅಳೆದರು. ಅದೇ ಹೊತ್ತಿನ ಊರಿನ ಗಾಳಿಗಿಂತ ಆಟೋ ಒಳಗೆ ಪಿಎಂ 2.5 ಸುಮಾರು ಒಂದೂವರೆ ಪಟ್ಟು ಜಾಸ್ತಿ ಇತ್ತು. ಇನ್ನೂ ಸಣ್ಣ, ಅಲ್ಟ್ರಾಫೈನ್ ಅನ್ನೋ ಕಣಗಳ ಸಂಖ್ಯೆ ಎಂಟು ಪಟ್ಟಿಗಿಂತ ಜಾಸ್ತಿ. ಆಟೋದಲ್ಲಿ ನಾವು ಅರ್ಧ ಗಂಟೆ ಕೂತು ಇಳೀತೀವಿ. ಡ್ರೈವರ್ ಅಣ್ಣ ಇಳಿಯಲ್ಲ.

2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ಒಂದು ವರದಿ ಇದನ್ನೆಲ್ಲ ಇನ್ನೂ ಚೆನ್ನಾಗಿ ತೋರಿಸಿತು. ದೆಹಲಿಯ ಇಬ್ಬರು ಮಕ್ಕಳು, ಒಬ್ಬ ಕೊಳೆಗೇರಿಯ ಹುಡುಗ, ಒಬ್ಬಳು ಅನುಕೂಲಸ್ಥರ ಮನೆ ಹುಡುಗಿ. ಇಬ್ಬರ ಜೊತೆಗೂ ಒಂದೇ ದಿನ ಸೆನ್ಸರ್ ಹಿಡಿದು ಓಡಾಡಿದರು. ಊರು ಒಂದೇ, ದಿನ ಒಂದೇ, ಆ್ಯಪ್ ತೋರಿಸೋ ಎಕ್ಯೂಐ ಕೂಡ ಒಂದೇ. ಆದರೆ ಹುಡುಗನ ಪಾಲಿಗೆ ಬಂದ ಮಾಲಿನ್ಯ ಹುಡುಗಿಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಅವಳ ಮನೆಯಲ್ಲಿ, ಸ್ಕೂಲಲ್ಲಿ ಏರ್ ಪ್ಯೂರಿಫೈಯರ್ ಇತ್ತು. ಅವನದು ಬಯಲಲ್ಲಿ ನಡೆಯೋ ಸ್ಕೂಲು.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ. ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ನಾನು ಉದಾಹರಣೆಗೆ ಅಂತ ಇಟ್ಟುಕೊಂಡಿರೋವು, ಲೆಕ್ಕದ ಕ್ರಮ ನೋಡಿ. ಊರಿನ ಸ್ಟೇಷನ್ ಇವತ್ತು ಪಿಎಂ 2.5 ಸರಾಸರಿ 45 ಅಂತ ಹೇಳ್ತು ಅಂದ್ಕೊಳ್ಳಿ. ಒಬ್ಬ ಹಾಸ್ಟೆಲ್ ಹುಡುಗ 20 ಗಂಟೆ ರೂಮು, ಕ್ಲಾಸಿನಲ್ಲಿದ್ದ, ಅಲ್ಲಿ 30. ಎರಡು ಗಂಟೆ ರಸ್ತೆಯಲ್ಲಿದ್ದ, ಅಲ್ಲಿ 120. ಎರಡು ಗಂಟೆ ಕ್ಯಾಂಟೀನಲ್ಲಿದ್ದ, ಅಲ್ಲಿ 60. ಪ್ರತಿ ಜಾಗದ ಪ್ರಮಾಣವನ್ನ ಅಲ್ಲಿ ಕಳೆದ ಗಂಟೆಯಿಂದ ಗುಣಿಸಿ ಕೂಡಿದರೆ 600, 240, 120 ಸೇರಿ 960. ಇದನ್ನ 24ರಿಂದ ಭಾಗಿಸಿದರೆ 40. ಸ್ಟೇಷನ್ ಹೇಳಿದ್ದಕ್ಕಿಂತ ಕಡಿಮೆನೇ.

ಅದೇ ದಿನ ಮೇನ್ ಗೇಟಿನ ಸೆಕ್ಯೂರಿಟಿಯವರು 12 ಗಂಟೆ ಪಾಳಿ ಮಾಡಿದರು, ಗೇಟಿನ ಹತ್ತಿರ 110. ಎರಡು ಗಂಟೆ ಬಸ್ಸು, ನಡಿಗೆ, ಅಲ್ಲಿ 120. ಉಳಿದ ಹತ್ತು ಗಂಟೆ ಮನೆ, ರಸ್ತೆ ಬದಿಯ ಸಣ್ಣ ಮನೆ, 60. ಒಟ್ಟು 1320, 240, 600, ಅಂದರೆ 2160. 24ರಿಂದ ಭಾಗಿಸಿದರೆ 90. ರಾಷ್ಟ್ರೀಯ ಮಿತಿ 60ರ ಒಂದೂವರೆ ಪಟ್ಟು. ಇಬ್ಬರ ಮಧ್ಯೆ ಇರೋ ದೂರ ನೂರು ಮೀಟರ್. ಆ್ಯಪ್ ಇಬ್ಬರಿಗೂ 45ರ ಲೆಕ್ಕದ್ದೇ ಬಣ್ಣ ತೋರಿಸಿರುತ್ತೆ. ಎಂಜಿನಿಯರಿಂಗ್ ಓದೋರಿಗೆ ಇದು ಬರೀ ವೆಯ್ಟೆಡ್ ಆವರೇಜ್, ಮೊದಲನೇ ಸೆಮ್ ಹುಡುಗನೂ ಮಾಡ್ತಾನೆ. ಕಷ್ಟ ಇರೋದು ಗುಣಾಕಾರದಲ್ಲಲ್ಲ. ಆ 110 ಅನ್ನೋ ಜಾಗದಲ್ಲಿ ನಿಜವಾದ ಸಂಖ್ಯೆ ಏನು ಅಂತ ನಮ್ಮಲ್ಲಿ ಯಾರೂ ಅಳೆದಿಲ್ಲ.

ಈ ಸೆಮ್‌ನಲ್ಲಿ ಸೀನಿಯರ್ ಒಬ್ಬರ ಹತ್ತಿರ ಇದ್ದ ಪಿಎಂಎಸ್ 5003 ಸೆನ್ಸರ್, ಇಎಸ್‌ಪಿ32 ಬೋರ್ಡು ಇಸ್ಕೊಂಡು, ಪವರ್ ಬ್ಯಾಂಕ್ ಹಾಕಿ, ಒಂದು ವಾರ ಬ್ಯಾಗಿಗೆ ಕಟ್ಟಿಕೊಂಡು ಓಡಾಡಿದೆ. ಬಂದ ಸಂಖ್ಯೆಗಳನ್ನ ಇಲ್ಲಿ ಬರೆಯಲ್ಲ, ಯಾಕಂದ್ರೆ ಆ ಸೆನ್ಸರನ್ನ ಒಳ್ಳೆ ಉಪಕರಣದ ಪಕ್ಕ ಇಟ್ಟು ಇನ್ನೂ ಯಾರೂ ಸರಿಹೊಂದಿಸಿಲ್ಲ. ಆದರೆ ಗ್ರಾಫಿನ ಆಕಾರ ಹೇಳಬಹುದು. ಕ್ಲಾಸ್‌ರೂಮಲ್ಲಿ ಗೆರೆ ಹೆಚ್ಚುಕಮ್ಮಿ ಮಟ್ಟಸವಾಗಿ ಹೋಗುತ್ತೆ. ಕ್ಯಾಂಟೀನಲ್ಲಿ ದೋಸೆ ಕಾವಲಿ ಪಕ್ಕ ಕ್ಯೂ ನಿಂತಾಗ ಒಂದು ಗುಡ್ಡ. ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಅದರ ಹಿಂದಿನ ದಾರಿಯಲ್ಲಿ ಹೋದರೆ ಇನ್ನೊಂದು. ಸಾಯಂಕಾಲ ಕಾಲೇಜ್ ಬಸ್ಸುಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗಿ ಹೊರಡೋ ಹೊತ್ತಿಗೆ ಗೇಟಿನ ಹತ್ತಿರ ದೊಡ್ಡ ಗುಡ್ಡ. ಬೆಳಿಗ್ಗೆ ಬೇಗ ಬಂದ ದಿನ, ಹೌಸ್‌ಕೀಪಿಂಗ್ ಅಕ್ಕಂದಿರು ಒಣ ಎಲೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕಿದ್ದರು. ಆವತ್ತಿನ ಗ್ರಾಫಲ್ಲಿ ಉಳಿದದ್ದೆಲ್ಲ ಸಪಾಟಾಗಿ ಕಾಣೋಷ್ಟು ಅದು ಎತ್ತರ.

ಈ ಗುಡ್ಡಗಳನ್ನ ನಾನು ಎರಡೋ ಐದೋ ನಿಮಿಷದಲ್ಲಿ ದಾಟಿ ಹೋಗ್ತೀನಿ. ಪ್ರತಿ ಗುಡ್ಡದ ಮೇಲೂ ಒಬ್ಬರು ದಿನಪೂರ್ತಿ ನಿಂತಿರ್ತಾರೆ. ಗೇಟಿನ ಅಂಕಲ್ ಹತ್ತಿರ ಹೋಗಿ, ಸಾಯಂಕಾಲ ಇಲ್ಲಿ ಹೊಗೆ ಜಾಸ್ತಿ ಆಗುತ್ತಾ ಅಂತ ಕೇಳಿದೆ. “ನಿನ್ನ ಮಷೀನು ಈಗ ಹೇಳ್ತಾ? ಬಸ್ ಎಲ್ಲಾ ಒಂದೇ ಸಲ ಆನ್ ಮಾಡಿ ಕಾಲು ಗಂಟೆ ನಿಲ್ಲಿಸ್ತಾರೆ ಕಣಪ್ಪ. ಆವಾಗ ಕಿಟಕಿ ಹಾಕ್ಕೊಂಡು ಕೂತ್ಕೋತೀನಿ, ಆದ್ರೆ ಬಸ್ ಎಂಟ್ರಿ ಬರ್ಕೋಬೇಕಲ್ಲ, ಮತ್ತೆ ಆಚೆ ಬರಲೇಬೇಕು” ಅಂದರು. ಹೊಗೆ ಬಗ್ಗೆ ಹಿಂದೆ ಸೂಪರ್‌ವೈಸರ್‌ಗೂ ಹೇಳಿದ್ದಾರಂತೆ. ‘ಬೆಂಗಳೂರಲ್ಲಿ ಎಲ್ಲಿ ಹೊಗೆ ಇಲ್ಲ’ ಅಂತ ಉತ್ತರ ಬಂತಂತೆ.

ನನಗೆ ಮುಖ್ಯ ಅನ್ಸಿದ್ದು ಇಲ್ಲೇ. ಅವರಿಗೆ ಸೆನ್ಸರ್ ಹೊಸದೇನೂ ಹೇಳಲ್ಲ, ಅವರ ಮೂಗು ಗಂಟಲಿಗೆ ಎಲ್ಲಾ ಗೊತ್ತು. ಆದರೆ ಅವರು ಬಾಯಲ್ಲಿ ಹೇಳಿದರೆ ಅದು ದೂರು. ಅದನ್ನೇ ಗಂಟೆ, ನಿಮಿಷ, ಪ್ರಮಾಣ ಹಾಕಿ ಗ್ರಾಫ್ ಮಾಡಿ ಪ್ರಿನ್ಸಿಪಾಲರ ಟೇಬಲ್ ಮೇಲಿಟ್ಟರೆ ಅದು ಡೇಟಾ. ಹೀಗಿರಬಾರದು, ಆದರೆ ಇದೆ. ಗ್ರಾಫ್ ಮಾಡೋ ವಿದ್ಯೆ ನಮ್ಮ ಹತ್ತಿರ ಇದೆ, ಹೊಗೆ ಅವರ ಹತ್ತಿರ ಇದೆ. ಎರಡನ್ನೂ ಸೇರಿಸೋದಕ್ಕೆ ಬೇಕಾಗಿರೋದು ಒಂದು ಡಬ್ಬಿ.

ಆದರೆ ಡಬ್ಬಿ ಸರಿಯಾಗಿರಬೇಕು. ಮೊದಲನೇದಾಗಿ, ಎಂಕ್ಯೂ-135 ಬಿಡಿ. ಅದು ಅಮೋನಿಯಾ, ಆಲ್ಕೋಹಾಲ್, ಬೆಂಜೀನ್‌ನಂಥ ಅನಿಲಗಳಿಗೆ ಸ್ಪಂದಿಸೋ ಸೆನ್ಸರ್. ಅದೂ ಯಾವ ಅನಿಲ ಅಂತ ಬೇರೆ ಮಾಡಿ ಹೇಳಲ್ಲ. ಕಣಗಳನ್ನ ಅದು ಎಣಿಸೋದೇ ಇಲ್ಲ. ಅದರ ಅನಲಾಗ್ ವೋಲ್ಟೇಜನ್ನ ಎಕ್ಯೂಐ ಅಂತ ಎಲ್‌ಸಿಡಿ ಮೇಲೆ ಬರೆಯೋದು, ಥರ್ಮಾಮೀಟರ್ ನೋಡಿ ಬಿಪಿ ಹೇಳಿದ ಹಾಗೆ.

ಎರಡನೇದು, ಲೇಸರ್ ಸೆನ್ಸರಿನ ಮಿತಿ ಗೊತ್ತಿರಬೇಕು. ಪಿಎಂಎಸ್ 5003 ಥರದ್ದು ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಒಳಗೊಂದು ಪುಟ್ಟ ಫ್ಯಾನ್ ಗಾಳಿ ಎಳೆಯುತ್ತೆ, ಕಣಗಳ ಮೇಲೆ ಲೇಸರ್ ಬೀಳುತ್ತೆ, ಚದುರಿದ ಬೆಳಕನ್ನ ಫೋಟೋಡಯೋಡ್ ಹಿಡಿಯುತ್ತೆ. ಅದರಿಂದ ಕಣಗಳ ಗಾತ್ರ, ಸಂಖ್ಯೆ ಅಂದಾಜು ಮಾಡಿ, ಸಾಂದ್ರತೆ ಇಷ್ಟಿರಬಹುದು ಅಂತ ಊಹಿಸಿ ತೂಕ ಹೇಳುತ್ತೆ. ಅಂದರೆ ತೂಕವನ್ನ ಅದು ತೂಗೇ ಇಲ್ಲ. ಸ್ಟೇಷನ್ನಿನ ಬೀಟಾ ಅಟೆನ್ಯುಯೇಷನ್ ಮಾನಿಟರ್ ಹಾಗಲ್ಲ. ಅದು ಕಣಗಳನ್ನ ಫಿಲ್ಟರ್ ಟೇಪಿನ ಮೇಲೆ ಕೂರಿಸಿ, ಬೀಟಾ ಕಿರಣ ಎಷ್ಟು ತಡೆಯಿತು ಅಂತ ನೋಡಿ ರಾಶಿಯನ್ನ ಲೆಕ್ಕ ಹಾಕುತ್ತೆ. ಗಾಳಿಯ ತೇವವನ್ನೂ ಮೊದಲೇ ಒಣಗಿಸಿಕೊಳ್ಳುತ್ತೆ.

ತೇವ ಅಂದೆನಲ್ಲ, ನಮ್ಮೂರಲ್ಲಿ ಅದೇ ದೊಡ್ಡ ತಲೆನೋವು. ಮಳೆಗಾಲದ ಬೆಳಿಗ್ಗೆ ಆರ್ದ್ರತೆ ಶೇಕಡಾ 80 ದಾಟಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಅಗ್ಗದ ಸೆನ್ಸರ್ ಉಬ್ಬಿದ ಕಣವನ್ನೇ ದೊಡ್ಡ ಕಣ ಅಂತ ಎಣಿಸುತ್ತೆ. ಮಂಜು ಕಟ್ಟಿದ ದಿನ ಮಾಲಿನ್ಯ ಇಲ್ಲದಿದ್ದರೂ ಸಂಖ್ಯೆ ಏರುತ್ತೆ. ಇದಕ್ಕೆ ಉಲ್ಟಾ, ರಸ್ತೆ ಧೂಳಿನ ದಪ್ಪ ಕಣಗಳನ್ನ ಅದು ಸರಿಯಾಗಿ ಹಿಡಿಯೋದೇ ಇಲ್ಲ. ಅದಕ್ಕೇ ಇಂಥ ಸೆನ್ಸರ್ ತೋರಿಸೋ ಪಿಎಂ 10 ನಂಬೋಕಾಗಲ್ಲ. 0.3 ಮೈಕ್ರೋಮೀಟರ್‌ಗಿಂತ ಸಣ್ಣ ಕಣ ಅದಕ್ಕೆ ಕಾಣೋದೂ ಇಲ್ಲ, ಡೀಸೆಲ್ ಹೊಗೆಯಲ್ಲಿ ಅಂಥವೇ ಬಹಳ.

ಹಾಗಾದರೆ ಇದು ದಂಡವಾ? ಅಲ್ಲ. ಅಮೆರಿಕದಲ್ಲಿ ಪರ್ಪಲ್‌ಏರ್ ಅನ್ನೋ ಡಬ್ಬಿಗಳನ್ನ ಸಾವಿರಾರು ಜನ ಮನೆ ಮುಂದೆ ಹಾಕಿದ್ದಾರೆ, ಒಳಗಿರೋದು ಇದೇ ಕಂಪನಿಯ ಸೆನ್ಸರು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಆ ಡಬ್ಬಿಗಳನ್ನ ಸರ್ಕಾರಿ ಸ್ಟೇಷನ್‌ಗಳ ಪಕ್ಕ ಇಟ್ಟು ಹೋಲಿಸಿ ಒಂದು ಸೂತ್ರ ಮಾಡಿತು. ರೀಡಿಂಗನ್ನ 0.524ರಿಂದ ಗುಣಿಸಿ, ಆರ್ದ್ರತೆಯ ಶೇಕಡಾವನ್ನ 0.0862ರಿಂದ ಗುಣಿಸಿ ಅದರಲ್ಲಿ ಕಳೆದು, 5.75 ಕೂಡಬೇಕು. ಆರ್ದ್ರತೆ ಶೇಕಡಾ 60 ಇದ್ದಾಗ ಡಬ್ಬಿ 100 ತೋರಿಸಿದರೆ ಸರಿಪಡಿಸಿದ ಸಂಖ್ಯೆ ಸುಮಾರು 53. ನೋಡಿ, ಹೆಚ್ಚುಕಮ್ಮಿ ಅರ್ಧ! ಈ ಸೂತ್ರ ಹಾಕಿದ ಡೇಟಾವನ್ನ ಅವರು 2020ರಲ್ಲಿ ಕಾಡ್ಗಿಚ್ಚಿನ ಹೊಗೆಯ ನಕ್ಷೆಯಲ್ಲಿ ಬಳಸೋಕೆ ಶುರು ಮಾಡಿದರು. ಆದರೆ ಸೂತ್ರ ಅಲ್ಲಿನ ಗಾಳಿಯದು, ಅದನ್ನ ಎತ್ತಿಕೊಂಡು ಬಂದು ಇಲ್ಲಿ ಹಾಕೋ ಹಾಗಿಲ್ಲ. ನಮ್ಮ ಕಣ ಬೇರೆ, ನಮ್ಮ ಮಳೆಗಾಲ ಬೇರೆ. ನಮ್ಮ ಡಬ್ಬಿಯನ್ನ ಇಲ್ಲಿನ ಸ್ಟೇಷನ್ ಪಕ್ಕ ಇಟ್ಟು ನಮ್ಮದೇ ಸೂತ್ರ ಕಟ್ಟಬೇಕು. ಅದು ಲೀನಿಯರ್ ರಿಗ್ರೆಷನ್, ಮ್ಯಾಥ್ಸ್ ಪೇಪರಿನಲ್ಲಿ ಬಂದಾಗ ‘ಇದನ್ನ ಲೈಫಲ್ಲಿ ಎಲ್ಲಿ ಯೂಸ್ ಮಾಡ್ತೀವಿ’ ಅಂತ ಬೈಕೊಂಡಿದ್ವಲ್ಲ, ಅದೇ.

ಈಗ ಕೆಲವರು ಹೇಳೋ ಮಾತುಗಳಿಗೆ ಬರ್ತೀನಿ. ‘ಬೆಂಗಳೂರು ಏನು ದೆಹಲಿನಾ, ಯಾಕಿಷ್ಟು ತಲೆ ಕೆಡಿಸ್ಕೋತೀಯ ಮಗಾ?’ ಅಂತ ರೂಮ್‌ಮೇಟ್ ಕೇಳಿದ. ದೆಹಲಿ ಅಲ್ಲ, ಒಪ್ಪಿದೆ. ಆದರೆ ದೆಹಲಿಗಿಂತ ವಾಸಿ ಅನ್ನೋದು ಒಂದು ಅಳತೆನೇ ಅಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ, ಗಾಳಿಯ ಮಾನದಂಡ ಮುಟ್ಟದ ಊರುಗಳು ಅಂತ ಕರ್ನಾಟಕದ ನಾಲ್ಕು ಹೆಸರಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಹೊರಗಿನ ಮತ್ತು ಮನೆಯೊಳಗಿನ ಗಾಳಿ ಎರಡೂ ಸೇರಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಅಕಾಲದಲ್ಲಿ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ. ಅವರೆಲ್ಲ ದೆಹಲಿಯವರಲ್ಲ.

‘ಅವರಿಗೆ ಸಂಖ್ಯೆ ತೋರಿಸಿ ಭಯ ಹುಟ್ಟಿಸೋದು ಯಾಕೆ, ಅವರೇನು ಕೆಲಸ ಬಿಡೋಕಾಗುತ್ತಾ?’ ಅನ್ನೋದು ಇನ್ನೊಂದು. ಈ ಪ್ರಶ್ನೆ ಸರಿಯಾಗಿದೆ. ಪೋರ್ಟಬಲ್ ಸೆನ್ಸರ್ ಮಾರೋ ಜಾಹೀರಾತುಗಳೆಲ್ಲ ಹೇಳೋದು ಒಂದೇ: ನಿಮ್ಮ ಗಾಳಿ ತಿಳ್ಕೊಳ್ಳಿ, ದಾರಿ ಬದಲಿಸಿ, ಮಾಸ್ಕ್ ಹಾಕಿ, ಪ್ಯೂರಿಫೈಯರ್ ತಗೊಳ್ಳಿ. ದಾರಿ ಬದಲಿಸೋ ಅವಕಾಶ ಇರೋರಿಗೆ ಅದು ಸರಿ. ಗೇಟಿನಲ್ಲಿ ಕೂರೋರು ಗೇಟ್ ಬದಲಿಸೋಕಾಗಲ್ಲ. ಅದಕ್ಕೇ ಅಳತೆಯ ಉತ್ತರವನ್ನ ಅವರ ತಲೆಗೆ ಕಟ್ಟಬಾರದು. ಆ ಜಾಗವನ್ನ ನಡೆಸೋರು ಉತ್ತರ ಕೊಡಬೇಕು. ಬಸ್ಸುಗಳು ನಿಂತಿರೋವಾಗ ಎಂಜಿನ್ ಆಫ್ ಇರಲಿ. ಸೆಕ್ಯೂರಿಟಿ ಕ್ಯಾಬಿನ್ನನ್ನ ರಸ್ತೆಯಿಂದ ಇಪ್ಪತ್ತು ಮೀಟರ್ ಒಳಗೆ ತನ್ನಿ. ಒಬ್ಬರನ್ನೇ ಮೇನ್ ಗೇಟಿಗೆ ಕೂರಿಸೋ ಬದಲು ಲೈಬ್ರರಿ, ಹಾಸ್ಟೆಲ್ ಪಾಯಿಂಟುಗಳ ಜೊತೆ ಪಾಳಿ ಬದಲಾಯಿಸಿ. ಜನರೇಟರ್ ಹೊಗೆ ಕೊಳವೆ ಮೇಲೆತ್ತಿಸಿ. ಕಾವಲಿ ಮೇಲೆ ಕೆಲಸ ಮಾಡೋ ಎಗ್ಸಾಸ್ಟ್ ಫ್ಯಾನ್ ಹಾಕಿಸಿ. ಎಲೆಗೆ ಬೆಂಕಿ ಹಾಕೋ ಬದಲು ಕಾಂಪೋಸ್ಟ್ ಗುಂಡಿ ತೆಗೆಸಿ. ಬಯಲಲ್ಲಿ ಕಸ ಸುಡಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ, 5 ಸಾವಿರದಿಂದ 25 ಸಾವಿರ ರೂಪಾಯಿ ತನಕ ದಂಡ ಇದೆ. ಈ ಪಟ್ಟಿಯಲ್ಲಿ ಕೋಟಿ ಖರ್ಚಿನದು ಯಾವುದೂ ಇಲ್ಲ. ಕೆಲವಕ್ಕೆ ಒಂದು ಸರ್ಕ್ಯುಲರ್ ಸಾಕು.

ಇನ್ನೊಂದು ಎಚ್ಚರಿಕೆ ನಮಗೇ ಬೇಕು. ಒಬ್ಬರ ಸೊಂಟಕ್ಕೆ ಡಬ್ಬಿ ಕಟ್ಟೋದು ಅಂದರೆ ಅವರ ದಿನವನ್ನೇ ರೆಕಾರ್ಡ್ ಮಾಡಿದ ಹಾಗೆ. ಎಷ್ಟು ಗಂಟೆಗೆ ಎಲ್ಲಿದ್ದರು, ಟೀ ಕುಡಿಯೋಕೆ ಎಷ್ಟು ಹೊತ್ತು ಹೋದರು, ಎಲ್ಲ ಗೊತ್ತಾಗುತ್ತೆ. ಕಾಂಟ್ರಾಕ್ಟರ್ ಕೈಗೆ ಇದು ಸಿಕ್ಕಿದರೆ ಹೊಗೆ ವಿಷಯ ಬಿಟ್ಟು ಟೀ ವಿಷಯ ಹಿಡಿದು ಸಂಬಳ ಮುರೀತಾನೆ. ಹಾಗಾಗಿ ಜಿಪಿಎಸ್ ಹಾಕೋದು ಬೇಡ. ಕೆಲಸದ ಜಾಗದ ಹೆಸರು ಅವರೇ ಹೇಳಿದರೆ ಬರ್ಕೊಂಡರೆ ಸಾಕು. ಕನ್ನಡದಲ್ಲಿ, ಅವರಿಗೆ ಅರ್ಥ ಆಗೋ ಹಾಗೆ ಮೊದಲೇ ಎಲ್ಲ ಹೇಳಿ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ಬಿಡಬೇಕು. ವರದಿಯಲ್ಲಿ ಹೆಸರು ಹಾಕಬಾರದು. ಗ್ರಾಫನ್ನ ಪ್ರಿನ್ಸಿಪಾಲರಿಗೆ ತೋರಿಸೋ ಮುಂಚೆ ಅದನ್ನ ಹೊತ್ತವರಿಗೆ ತೋರಿಸಬೇಕು. ಬೀರುವಿನಿಂದ ಡಬ್ಬಿ ತೆಗೆಯೋ ಮುಂಚೆ ನಾವು ಕಲೀಬೇಕಾದ ಭಾಗ ಇದೇ, ಇದು ಯಾವ ಡೇಟಾಶೀಟಲ್ಲೂ ಇಲ್ಲ.

ಮೂರನೇ ಸೆಮಿಸ್ಟರಿನಲ್ಲಿ ನಮಗೆಲ್ಲ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಅಂತ ಒಂದು ಕೋರ್ಸ್ ಇದೆ. ಗಿಡ ನೆಟ್ಟು, ಅದರ ಪಕ್ಕ ನಿಂತು ಫೋಟೋ ತೆಗೆಸ್ಕೊಂಡು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಡ್ತೀವಿ. ಸೋಷಿಯಲ್ ಕನೆಕ್ಟ್‌ಗೆ ಬಸ್ ಹತ್ತಿ ಎಲ್ಲಿಗೋ ಹೋಗಬೇಕಾಗಿಲ್ಲ, ಐಡಿ ಕಾರ್ಡ್ ತೋರಿಸೋ ಗೇಟಿನಿಂದಲೇ ಶುರು ಮಾಡಬಹುದು.

ಅದಕ್ಕೆ ನನ್ನ ಪ್ರಸ್ತಾಪ ಇಷ್ಟು. ಮುಂದಿನ ಸೆಮ್‌ಗೆ ಹೊಸ ಏರ್ ಕ್ವಾಲಿಟಿ ಮಾನಿಟರ್ ಪ್ರಾಜೆಕ್ಟ್ ಯಾರೂ ಮಾಡೋದು ಬೇಡ. ಬೀರುವಿನಲ್ಲಿರೋ ನಾಲ್ಕು ಡಬ್ಬಿಯ ಒಳಗಿನ ಸೆನ್ಸರ್ ಬದಲಾಯಿಸೋಣ, ಖರ್ಚು ಎಂಟು ಹತ್ತು ಸಾವಿರದ ಒಳಗೆ ಬರುತ್ತೆ. ಸ್ಟೇಷನ್ ಪಕ್ಕ ಎರಡು ವಾರ ಇಡೋಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಡಿಪಾರ್ಟ್‌ಮೆಂಟ್ ಮೂಲಕ ಒಂದು ಪತ್ರ ಬರೆಯೋಣ. ನಮ್ಮದೇ ಸೂತ್ರ ಸಿಕ್ಕಿದ ಮೇಲೆ ಗೇಟಿನವರು, ಕ್ಯಾಂಟೀನಿನವರು, ಹೌಸ್‌ಕೀಪಿಂಗಿನವರು, ಬಸ್ ಡ್ರೈವರ್ ಹೀಗೆ ನಾಲ್ವರು ಒಪ್ಪಿದರೆ ಎರಡೆರಡು ವಾರ ಅವರ ಜೊತೆ ಇಡೋಣ. ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ. ಬಂದದ್ದನ್ನ ಕನ್ನಡದಲ್ಲಿ ನಾಲ್ಕು ಪುಟ ಬರೆದು ಅವರಿಗೂ ಮ್ಯಾನೇಜ್‌ಮೆಂಟಿಗೂ ಒಂದೇ ದಿನ ಕೊಡೋಣ. ಆಮೇಲೆ ಬಸ್ ಎಂಜಿನ್ ಆಫ್ ಮಾಡಿಸಿ, ಮತ್ತೆ ಎರಡು ವಾರ ಅಳೆಯೋಣ. ಗುಡ್ಡ ಇಳಿಯಿತಾ ಇಲ್ಲವಾ ಅಂತ ಆಗ ಗೊತ್ತಾಗುತ್ತೆ.

ಸೆನ್ಸರ್ ಬದಲಾಯಿಸೋಕೆ ಸೋಲ್ಡರಿಂಗ್ ಬರೋರು ಇಬ್ಬರು, ರಿಗ್ರೆಷನ್ ಮಾಡೋಕೆ ಪೈಥಾನ್ ಬರೋರು ಒಬ್ಬರು, ಚೆನ್ನಾಗಿ ಕನ್ನಡ ಬರೆಯೋರು ಒಬ್ಬರು ಬೇಕು. ಶುಕ್ರವಾರ ಸಾಯಂಕಾಲ ಕ್ಲಾಸ್ ಮುಗಿದಮೇಲೆ ಕ್ಲಬ್ ರೂಮಲ್ಲಿರ್ತೀನಿ. ಬ್ರಾಂಚ್ ಯಾವುದಾದರೂ ಪರವಾಗಿಲ್ಲ, ಬನ್ನಿ.